ಅಟ್ಟದ ಮೇಲಿನ ಪಾಳು ಮನೆಗಳು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಡಜನ್ ಪಾಳು ಮನೆಗಳಿವೆ. ಅವುಗಳ ಜೋಡಿ ನೀರಿಲ್ಲದ ಒಂದು ಬಾವಿ, ಬಾಗಿಲು ಕಿತ್ತುಹೋದ ಒಂದು ತಂಬಾಕಿನ ಗೋದಾಮು, ಗಾಲಿ ಮುರಿದ ಒಂದು ಚಕ್ಕಡಿ, ಮತ್ತು ಯಾರ ಮುಖವನ್ನೂ ನೋಡಲು ಇಷ್ಟವಿಲ್ಲದೆ ಆ ಕಡೆ ತಿರುಗಿ ಕುಳಿತ ಒಂದು ನಾಯಿ. ಪ್ರತಿ ವರ್ಷ ನವರಾತ್ರಿಗೆ ಘಟ ಕೂಡಿಸುವ ಮುಂಚೆ ಮನೆ ಸ್ವಚ್ಛ ಮಾಡುವಾಗ ಇವನ್ನೆಲ್ಲ ಕೆಳಗಿಳಿಸಿ, ಒದ್ದೆ ಅರಿವೆಯಿಂದ ಒರೆಸಿ, ಮತ್ತೆ ಮೇಲೇರಿಸುವುದು ನನ್ನ ಪಾಲಿನ ಕೆಲಸ. ಇರುವ ಒಂದು ಮನೆಯ ಕಸ ಹೊಡೆಯುವುದರೊಳಗೇ ನನ್ನ ಸೊಂಟ ಹಿಡಿಯುತ್ತದೆ. ಅದರ ಮೇಲೆ ಕಂಡವರ ಪಾಳು ಮನೆಗಳ ಧೂಳನ್ನೂ ನಾನೇ ತೆಗೆಯಬೇಕಾದ ಯೋಗ ಯಾಕೆ ಬಂತೆಂದರೆ, ಅದಕ್ಕೆ ನನ್ನ ಮೈದುನ ಶಶಿ ಕಾರಣ.

ಶಶಿಯದು ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಫೋಟೋ ಸ್ಟುಡಿಯೋ. ‘ಗದ್ದ ತುಸು ಕೆಳಗ್ರಿ, ಕಣ್ಣ ಪಿಳುಕಸಬ್ಯಾಡ್ರಿ’ ಎಂಬ ಎರಡು ಮಾತುಗಳ ಮೇಲೆ ಅವನ ವ್ಯವಹಾರ ವರ್ಷಗಟ್ಟಲೆ ನಡೆಯಿತು. ಎರಡನೆಯ ಮಾತು ಮಾತ್ರ ನನ್ನ ಮುಂದೆ ಎಂದೂ ನಡೆಯಲಿಲ್ಲ. ನಾನು ಸಣ್ಣವಳಿದ್ದಾಗ ಅಪ್ಪ ನಮ್ಮನ್ನು ರಾಯಬಾಗದ ಒಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿ ಹಿಂದಿನ ಪರದೆಯ ಮೇಲೆ ಹಂಸಗಳು ಈಜುವ ಒಂದು ಕೆರೆ ಬರೆದಿದ್ದರು. ಹಿಂದೆ ಸರಿದರೆ ಕೆರೆಯಲ್ಲಿ ಬಿದ್ದೇನೆಂಬ ಹೆದರಿಕೆಗೆ ಕಣ್ಣು ಮುಚ್ಚಿದವಳು, ಇಂದಿನವರೆಗೂ ಕ್ಯಾಮೆರಾ ಕಂಡರೆ ಕಣ್ಣು ತೆರೆದಿಲ್ಲ. ನಮ್ಮ ಲಗ್ನದ ಆಲ್ಬಮ್ಮಿನಲ್ಲಿ ಅಕ್ಕಿಕಾಳು ಬೀಳುವಾಗ, ತಾಳಿ ಕಟ್ಟುವಾಗ, ಊಟಕ್ಕೆ ಕುಳಿತಾಗ, ಎಲ್ಲದರಲ್ಲೂ ನಾನು ನಿದ್ದೆಯಲ್ಲಿದ್ದೇನೆ. “ಕಣ್ಣ ಮುಚಗೊಂಡು ಲಗ್ನ ಆದಾಕಿ ನೀನು” ಎಂದು ನಮ್ಮ ಮನೆಯವರು ಚಾಷ್ಟಿ ಮಾಡುತ್ತಾರೆ. ನಾನು ಇಲ್ಲವೆನ್ನುವುದಿಲ್ಲ. ತೆರೆದಿದ್ದರೆ ಏನಾಗುತ್ತಿತ್ತೋ!

ಇರಲಿ. ಶಶಿಯ ಮಾತು ಹೇಳುತ್ತಿದ್ದೆ. ಎಲ್ಲರ ಕೈಗೂ ಕ್ಯಾಮೆರಾ ಇರುವ ಮೊಬೈಲು ಬಂದ ಹೊಸದರಲ್ಲಿ ಸ್ಟುಡಿಯೋಕ್ಕೆ ಬರುವವರು ಕಡಿಮೆಯಾದರು. ಶಶಿ ಕೊಲ್ಹಾಪುರಕ್ಕೆ ಹೋಗಿ ದೊಡ್ಡದೊಂದು ಡಿಜಿಟಲ್ ಕ್ಯಾಮೆರಾ ತಂದ. ತಂದವನು ಮನುಷ್ಯರ ಫೋಟೋ ತೆಗೆಯುವುದನ್ನೇ ಬಿಟ್ಟ.

“ಮಂದೀದು ಸಾಕಾಗಿ ಹೋಗೇತ್ರಿ ವೈನಿ,” ಅಂದ. “ನಾ ಕರ್ರಗ ಬಂದೀನಿ, ನನ್ನ ಮೂಗ ದಪ್ಪ ಬಂದೈತಿ ಅಂತ ಒಂದಽ ಸವನ ತಕರಾರು. ಗ್ವಾಡಿ ನೋಡ್ರಿ, ಹೆಂಗ ತಗದ್ರೂ ಸುಮ್ಮನಿರ್ತೈತಿ.”

ಮಂಗಳವಾರ ಅವನ ಅಂಗಡಿಗೆ ರಜೆ. ಮುಂಜಾನೆ ರೊಟ್ಟಿ, ಚಟ್ನಿ ಕಟ್ಟಿಸಿಕೊಂಡು ಗಾಡಿ ಹತ್ತಿದರೆ ನಿಪ್ಪಾಣಿಯ ತಂಬಾಕಿನ ಗೋದಾಮು, ಬೋರಗಾಂವದಲ್ಲಿ ಮಗ್ಗ ನಿಂತುಹೋದ ಶೆಡ್ಡು, ಯಡೂರಿನ ಹೊಳೆದಂಡೆಯ ಮುರುಕು ಗೋಡೆ, ಕಾಗವಾಡದ ಹಾದಿಯಲ್ಲಿ ಬಸ್ಸು ನಿಲ್ಲದ ಬಸ್‌ಸ್ಟಾಪು. ಸಂಜೆ ಬರುವಾಗ ಪ್ಯಾಂಟಿನ ತುಂಬ ಉತ್ತರಾಣಿ ಕಡ್ಡಿ. ಅವನು ಹಾಳು ಬಿದ್ದ ಜಾಗದಲ್ಲಿ ಸೌಂದರ್ಯ ಹುಡುಕಿದ, ನಾನು ಅವನ ಪ್ಯಾಂಟಿನಲ್ಲಿ ಮುಳ್ಳು ಹುಡುಕಿದೆ.

ಒಂದು ಮಂಗಳವಾರ ಮಾತ್ರ ಕುಣಿಯುತ್ತಲೇ ಬಂದ. “ವೈನಿ, ಇವತ್ತ ಬರೇ ಮನಿ ಅಲ್ಲ, ಇಡೀ ಊರಽ ಸಿಕ್ತು! ಓಣಿ ಓಣಿ ತಿರಗೀನಿ, ಒಂದು ನರಪಿಳ್ಳಿ ಇಲ್ಲ!”

“ಯಾವ ಊರೋ?” ಅಂದರು ನಮ್ಮ ಅತ್ತೆ.

“ರಾಯಬಾಗ ದಾಟಿ, ಒಳಗ. ಹೆಸರ ಕೇಳಾಕ ಅಲ್ಲಿ ಯಾರರ ಇರಬೇಕಲ್ಲಬೇ ಅವ್ವಾ?”

ಆ ಮಾತು ಅವತ್ತೇ ನನ್ನ ತಲೆಗೆ ಹೋಗಬೇಕಿತ್ತು. ನನ್ನ ಲಕ್ಷ್ಯ ಹಂಚಿನ ಮೇಲಿನ ರೊಟ್ಟಿಯ ಕಡೆಗಿತ್ತು. ರೊಟ್ಟಿ ಹೊತ್ತಿದರೆ ನನ್ನನ್ನು ಕೇಳುವವರಿದ್ದಾರೆ. ಊರು ಖಾಲಿಯಾದರೆ ನನ್ನನ್ನು ಯಾರು ಕೇಳುತ್ತಾರೆ?

ಇದಾಗಿ ಕೆಲವು ತಿಂಗಳಿಗೆ ಶಶಿಗೆ ಒಂದು ಸಂಬಂಧ ಬಂತು. ವಯಸ್ಸು ಮೂವತ್ತೈದರ ಹತ್ತಿರ ಹತ್ತಿರ. ಬಂದ ಹೆಣ್ಣಿನ ಕಡೆಯವರೆಲ್ಲ ‘ಫೋಟೋ ತಗಿಯೂದು ಹೌದ್ರಿ, ಕೆಲಸಾ ಏನ ಮಾಡ್ತಾನ?’ ಎಂದು ಕೇಳಿ ಹೋದವರೇ. ಹಾಗಾಗಿ ಇದೊಂದು ತಪ್ಪಿದರೆ ಇನ್ನು ಇವನ ಲಗ್ನದ ಮಾತು ಎತ್ತುವುದಿಲ್ಲವೆಂದು ಅತ್ತೆ ದೇವರ ಮುಂದೆ ಹೇಳಿಬಿಟ್ಟಿದ್ದರು. ಹುಡುಗಿ ಸುನಂದಾ, ರಾಯಬಾಗ ಕಡೆಯ ಬಾಳಗೌಡರ ಮಗಳು, ಊರ ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಕೆಲಸ. ಹಾಲಿಗೆ ನೀರು ಬೆರೆಸಿದವರನ್ನು ಯಂತ್ರಕ್ಕಿಂತ ಮೊದಲು ಅವರ ಮುಖ ನೋಡಿಯೇ ಹಿಡಿಯುತ್ತಾಳೆಂದು ಹೆಸರು. ಹೆಣ್ಣು ತೋರಿಸುವುದನ್ನು ಅಥಣಿಯಲ್ಲಿ ಅವಳ ಸೋದರಮಾವನ ಮನೆಯಲ್ಲಿ ಇಟ್ಟುಕೊಂಡಿದ್ದರು. ಆದ್ದರಿಂದ ಗೌಡರ ಊರನ್ನಾಗಲಿ ಮನೆಯನ್ನಾಗಲಿ ನಾವ್ಯಾರೂ ನೋಡಲಿಲ್ಲ.

ಬಾಳಗೌಡರು ಬಿಳಿ ಟೊಪ್ಪಿಗೆ, ಬಿಳಿ ಧೋತರ, ಗುಂಡುಕಲ್ಲಿನಂಥ ಮನುಷ್ಯ. ಎಲ್ಲರಿಗೂ ಚಹಾ ಬಂತು. ಗೌಡರ ಕಪ್ಪು ಮಾತ್ರ ಬೇರೆ. ಸುನಂದಾ ತಾನೇ ತಂದು ಅವರ ಮುಂದಿಟ್ಟಳು. “ಶುಗರ್ ಐತ್ರಿ ಇವರಿಗೆ,” ಅಂದರು ಗೌಡತಿ. ಗೌಡರು ಆ ಚಹಾವನ್ನು ಕಷಾಯ ಕುಡಿದಂತೆ ಕುಡಿದು, ನನ್ನ ಕಪ್ಪಿನ ಕಡೆ ಹಾಲು ಕಂಡ ಬೆಕ್ಕಿನಂತೆ ನೋಡಿದರು. ನನಗೆ ಪಾಪ ಅನ್ನಿಸಿ, ಕಪ್ಪನ್ನು ಸೆರಗಿನ ಮರೆಗೆ ಸರಿಸಿದೆ.

ಮಾತು ಆಮೇಲೆ ಊರ ಕಡೆಗೆ ತಿರುಗಿತು. ಅವರ ಊರಿನಲ್ಲಿ ಇನ್ನೂ ಹೊರಬೀಡು ನಡೆಯುತ್ತದೆಂದು ಕೇಳಿ ನನಗೆ ತವರುಮನೆಯ ಹೆಸರು ಕೇಳಿದಷ್ಟು ಹಿಗ್ಗಾಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಕಡೆಯ ಕೆಲವು ಊರುಗಳಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ಐದು ಮಂಗಳವಾರ ಊರಿಗೆ ಊರೇ ಕದ ಹಾಕಿಕೊಂಡು, ದನಕರು ಹೊಡೆದುಕೊಂಡು ಹೊಲಕ್ಕೆ ಹೋಗುತ್ತದೆ. ಅವತ್ತು ಊರದೇವಿ ಓಣಿ ಓಣಿ ತಿರುಗಾಡಿ ರೋಗರುಜಿನ ಹೊರಗೆ ಹಾಕುತ್ತಾಳಂತೆ. ಊರ ಬಾಗಿಲಾದ ಅಗಸಿಗೆ ಮುಳ್ಳು ಬಡಿಯುತ್ತಾರೆ. ಒಳಗೆ ಯಾರೂ ಇರುವಂತಿಲ್ಲ, ಯಾರ ಒಲೆಯೂ ಹತ್ತುವಂತಿಲ್ಲ. ಅಡುಗೆ, ಊಟ, ಆಟ ಎಲ್ಲ ಗಿಡದ ನೆರಳಲ್ಲಿ. ಸಂಜೆ ಮುಳ್ಳು ಸರಿಸಿದ ಮೇಲೆಯೇ ಊರೊಳಗೆ ಕಾಲಿಡುವುದು.

ನಾನು ಸಣ್ಣವಳಿದ್ದಾಗ, ದೇವಿ ಬಂದಾಗ ನೋಡಲಿ ಅಂತ ನನ್ನ ಹೊಸ ಲಂಗವನ್ನು ಕಟ್ಟೆಯ ಮೇಲೆ ಹರವಿ ಇಟ್ಟು ಹೋಗಿದ್ದೆ. ಸಂಜೆ ಬಂದು ನೋಡಿದರೆ ತಪ್ಪಿಸಿಕೊಂಡು ಊರಲ್ಲೇ ಉಳಿದ ಒಂದು ಆಡು ಅದರ ಜರಿಯ ಅಂಚನ್ನು ಪೂರಾ ತಿಂದುಹಾಕಿತ್ತು. ನಾನು ಅಳುವುದನ್ನು ನೋಡಿ ಅವ್ವ, “ಅಳಬ್ಯಾಡ ಮಗಳ, ದೇವೀಗಿ ಭಾಳ ಸೇರೇತಿ, ಅದಕ್ಕಽ ತಿಂದಾಳ,” ಅಂದಳು. ನಾನು ಬಹಳ ದಿನ ಆ ಆಡಿಗೆ ಕೈಮುಗಿದು ಓಡಾಡಿದೆ.

“ನಮ್ಮೂರಾಗ ಅವತ್ತ ಒಂದು ಬೀಡಿ ಸೈತ ಹತ್ತೂದಿಲ್ರಿ,” ಅಂದರು ಗೌಡರು, ಮೀಸೆಯ ಮೇಲೆ ಕೈ ಎಳೆದು. “ಐದೂ ವಾರ ನಾನಽ ಖುದ್ದ ಕಾವಲಾ ಇರ್ತೀನಿ. ಹ್ವಾದ ವರ್ಷ ನಮ್ಮ ಓಣಿ ಗಂಗವ್ವ ಮುದುಕಿ ಊದಿನಕಡ್ಡಿ ಹಚ್ಚಿಟ್ಟು ಬಂದಿದ್ಲು. ಬಿಟ್ಟಿಲ್ರಿ ನಾ. ಗುಡಿಗಿ ತೆಂಗಿನಕಾಯಿ ದಂಡಾ ಹಾಕ್ಸೀನಿ. ನೇಮ ಅಂದ್ರ ನೇಮ.”

“ಮಂದಿ ಎಲ್ಲಾ ಹೊಲದಾಗ ಹೋಳಗಿ ಹೊಡದ್ರ, ಇವ್ರು ಉಪಾಸ ಊರ ಕಾಯ್ತಾರ್ರಿ,” ಅಂದರು ಗೌಡತಿ, ಗಂಡನ ಕಡೆ ಅಭಿಮಾನದಿಂದ ನೋಡಿ.

ಇಷ್ಟೆಲ್ಲ ಶಶಿಯ ಎದುರಿಗೇ ನಡೆದದ್ದು. ಕೇಳಿದ್ದರೆ ಅವನಿಗೆ ಬೆವರು ಒಡೆಯಬೇಕಿತ್ತು. ಆ ಹೊತ್ತಿಗೆ ಅವನ ಕಿವಿ ಎರಡೂ ತಮ್ಮ ಕೆಲಸ ಬಿಟ್ಟು ಕಣ್ಣಿಗೆ ಸಹಾಯ ಮಾಡುತ್ತಿದ್ದವು. ಸುನಂದಾ ಒಂದು ಸಲ ತಲೆ ಎತ್ತಿ ನೋಡಿ ನಕ್ಕಳು. ಮುಗಿಯಿತು, ಹುಡುಗ ಹುಡುಗಿಯದು ಒಪ್ಪಿಗೆಯಾಯಿತು. ಗೌಡರು ಮಾತ್ರ ಗಂಟು ಬಿಗಿಯಾಗಿ ಹಿಡಿದರು. “ಹುಡುಗನ ಕೆಲಸ ಏನಂಬೂದು ನೋಡತೀನಿ, ಆಮ್ಯಾಲ ಹೇಳತೀನಿ.”

ಶಶಿಗೆ ಅಷ್ಟೇ ಸಾಕಾಯಿತು. ತನ್ನ ಫೋಟೋಗಳ ಪ್ರದರ್ಶನ ಇಡುವುದೆಂದು ನಿಶ್ಚಯಿಸಿದ. ಲಗ್ನದ ಮುಹೂರ್ತ ಇಲ್ಲದ ದಿನ ನೋಡಿ ಒಂದು ಕಲ್ಯಾಣ ಮಂಟಪದ ಊಟದ ಹಾಲ್ ಹಿಡಿದ. ಹಿಂದಿನ ಲಗ್ನದವರು ಅಂಟಿಸಿದ ಥರ್ಮಾಕೋಲಿನ ‘ಶುಭ ವಿವಾಹ’ ಎಷ್ಟು ಕೆರೆದರೂ ಬಿಡಲಿಲ್ಲ. ಅದರ ಕೆಳಗೇ ‘ಮೌನದ ಮನೆಗಳು’ ಎಂಬ ಬ್ಯಾನರು ಕಟ್ಟಿದ. ಚಹಾ ಮತ್ತು ಚುರಮುರಿ ಚೂಡಾದ ಜವಾಬ್ದಾರಿ ನನ್ನದು. ಫೋಟೋಗಳನ್ನು ಮಾತ್ರ ಯಾರಿಗೂ ಮೊದಲೇ ತೋರಿಸಲಿಲ್ಲ. ನಮಗೆಲ್ಲ ಒಮ್ಮೆಲೇ ಬೆರಗು ಆಗಬೇಕಂತೆ. ಆಯಿತು ಕೂಡ.

ಉದ್ಘಾಟನೆಗೆ ಬಂದವರು ನಿವೃತ್ತ ಡ್ರಾಯಿಂಗ್ ಮಾಸ್ತರು. ಪ್ರತಿ ಫೋಟೋದ ಮುಂದೂ ನಿಂತು, ಕಣ್ಣು ಅರೆ ಮುಚ್ಚಿ, “ಈ ಶೂನ್ಯ ನೋಡ್ರಿ, ಈ ಶೂನ್ಯ!” ಅಂದರು. ಒಂದು ಮಾಳಿಗೆ ಮನೆಯ ಫೋಟೋದ ಮುಂದೆ ಅವರು ಮುಂದಕ್ಕೆ ಹೋಗಲೇ ಇಲ್ಲ. ಆ ಮನೆಯ ಮೇಲೆ ತೆಳ್ಳಗೆ ಬಿಳಿ ಎಳೆಯೊಂದು ಏಳುತ್ತಿತ್ತು. “ಮಂಜು! ಕಾಲವೇ ಮಂಜಾಗಿ ಈ ಮನೆಯನ್ನ ಬಿಟ್ಟು ಹೊಂಟಂಗ ಐತಿ!” ಅಂದರು. ಶಶಿಯ ಎದೆ ಉಬ್ಬಿತು.

ಉಳಿದ ಮಂದಿ ಇದನ್ನು ಬೇರೆ ರೀತಿ ತಿಳಿದುಕೊಂಡಿದ್ದರು. ಹಾಲ್‌ನೊಳಗೆ ಬಂದವರಲ್ಲಿ ಅರ್ಧ ಜನ ‘ಊಟ ಎಷ್ಟೊತ್ತಿಗ್ರಿ?’ ಅಂದರು. ಇನ್ನರ್ಧ ಜನಕ್ಕೆ ಇದು ಜಾಗ ಮಾರುವವರ ಪ್ರದರ್ಶನ. “ಈ ಗೋದಾಮಿಗಿ ರೋಡ್ ಟಚ್ ಐತೇನ್ರಿ?” “ಈ ಬಾಂವಿ ಜೋಡಿ ಎಷ್ಟ ಗುಂಟೆ ಬರತೈತ್ರಿ?” ಬೋರಗಾಂವದ ಒಬ್ಬರಂತೂ ಮಗ್ಗದ ಶೆಡ್ಡಿನ ಮುಂದೆ ನಿಂತು, “ಇದನ್ನ ತಗೋಬ್ಯಾಡ್ರಿ, ನಮ್ಮ ಕಾಕಾಂದು. ಅಣ್ಣತಮ್ಮರ ಕೇಸ ನಡದೈತಿ” ಎಂದು ಬಂದವರಿಗೆಲ್ಲ ಎಚ್ಚರಿಕೆ ಕೊಡತೊಡಗಿದರು. ಅತ್ತೆ ಒಂದು ಸುತ್ತು ಹಾಕಿ ಬಂದು ನನ್ನ ಹತ್ತಿರ ಕುಳಿತರು. “ಎಲ್ಲಾ ಚಂದ ಐತಿ. ಮಂದಿ ಎಲ್ಲಿ ಹೋಗ್ಯಾರ?” ಅಂದರು.

ಅತ್ತೆಯ ಪ್ರಶ್ನೆ ನಾನು ಎದ್ದು ಹೋಗಿ ನೋಡುವಂತೆ ಮಾಡಿತು. ಅಗಸಿಗೆ ಅಡ್ಡ ಹಾಕಿದ ಜಾಲಿಮುಳ್ಳು. ಕೆಳಗೆ ಶಶಿ ‘ಮುಳ್ಳೇ ಕಾವಲು’ ಎಂದು ಬರೆದಿದ್ದ. ಕದ ಹಾಕಿದ ಮನೆಗಳ ಸಾಲು. ಬೂದಿಬಣ್ಣದ ಅಂಗಳ. ಬಗ್ಗಿ ನೋಡಿದೆ. ಸೆಗಣಿ ಸಾರಿಸಿದ ಗೆರೆ ಇನ್ನೂ ಹಸಿ! ಶಶಿಯನ್ನು ಕಂಬದ ಮರೆಗೆ ಕರೆದೆ.

“ಅಲ್ಲೋ, ಪಾಳು ಬಿದ್ದ ಊರಾಗ ಅಂಗಳಾ ಯಾರ ಸಾರಿಸ್ಯಾರೋ?”

“ಅಂದ್ರ?”

“ಈ ಊರಿಗಿ ಹೋದಾಗ ಯಾವ ವಾರ ಇತ್ತು?”

“ಮಂಗಳವಾರ. ನನಗ ರಜಾ ಇನ್ನ ಯಾವಾಗ ಇರತೈತ್ರಿ ವೈನಿ?”

“ಊರ ಪಾಳು ಬಿದ್ದಿಲ್ಲೋ ನನ್ನಪ್ಪಾ. ಊಟಕ್ಕ ಹೋಗಿತ್ತು. ಹೊರಬೀಡ!”

ಅವನಿಗೆ ಅಥಣಿಯ ಮಾತು ಈಗ, ಒಂದು ತಿಂಗಳು ತಡವಾಗಿ, ಕಿವಿಗೆ ಬಿತ್ತು. ರಾಯಬಾಗ ದಾಟಿ, ಒಳಗೆ! ಮುಖ ಅವನ ಫೋಟೋಗಳ ಬೂದಿಬಣ್ಣಕ್ಕೇ ತಿರುಗಿತು. “ವೈನಿ, ತಗದ ಬಿಡೂಣು…” ಎಂದು ಮೊಳೆಗೆ ಕೈ ಹಾಕುವಷ್ಟರಲ್ಲಿ ಬಾಗಿಲಲ್ಲಿ ಬಿಳಿ ಟೊಪ್ಪಿಗೆ ಕಂಡಿತು. ಬಾಳಗೌಡರು, ಹಿಂದೆ ಗೌಡತಿ, ಅವರ ಹಿಂದೆ ಸುನಂದಾ. ನಾನು ಚಹಾದ ಟ್ರೇ ಎತ್ತಿಕೊಂಡೆ. ಆಪತ್ತು ಬಂದಾಗ ನನ್ನ ಕೈ ತಾನಾಗಿ ಟ್ರೇ ಹುಡುಕುತ್ತದೆ.

ಗೌಡರು ಗೋದಾಮು ನೋಡಿದರು, ಬಾವಿ ನೋಡಿದರು, ತಲೆದೂಗಿದರು. ಮುಳ್ಳಿನ ಮುಂದೆ ನಿಂತರು. “ನಮ್ಮ ಅಗಸಿ ಇದ್ದಂಗ ಐತಲ್ಲ ಇದು?” ಮುಂದಿನದು ನಾಯಿ. “ಅವ್ವಾ, ನಮ್ಮ ಮೋತ್ಯಾ!” ಎಂದು ಸುನಂದಾ ಖುಷಿಯಿಂದ ಒದರಿದಳು. ನಾಯಿಯ ಕೆಳಗೆ ‘ಕೊನೆಯ ನಿವಾಸಿ’ ಎಂದಿತ್ತು. ಗೌಡರು ಅಕ್ಷರ ಕೂಡಿಸಿ ಓದಿದರು. ಹುಬ್ಬು ಗಂಟಾಯಿತು. ಅದರ ಮುಂದಿನದು ಡ್ರಾಯಿಂಗ್ ಮಾಸ್ತರು ಮೆಚ್ಚಿದ ಮಾಳಿಗೆ ಮನೆ. ಅದರ ಹೆಸರು ‘ದೀಪ ಮರೆತ ಮನೆ’.

ಹಾಲ್ ಅಷ್ಟೂ ಮೌನ. ಬ್ಯಾನರಿನಲ್ಲಿ ಬರೆದದ್ದು ಖರೇ ಆದಂತಿತ್ತು.

“ಇದು ನಮ್ಮ ಮನಿ,” ಅಂದರು ಗೌಡರು. “ನಮ್ಮಜ್ಜ ಕಟ್ಟಿಸಿದ ಮನಿ. ಒಂದಿನಾ ದೀಪ ತಪ್ಪಿಲ್ಲ ಅಲ್ಲಿ. ನಾ ಇನ್ನೂ ಗಟ್ಟಿಮುಟ್ಟ ಅದೀನಿ. ದೀಪ ಮರೆತ ಮನಿ ಅಂತ ಬರದು ಊರ ಮಂದಿಗೆಲ್ಲಾ ತೋರ್ಸಾಕತ್ತೀಯೇನೋ ತಮ್ಮಾ? ಅದೂ ಹೊರಬೀಡಿನ ದಿನಾ ಮುಳ್ಳ ದಾಟಿ ಒಳಗ ಬಂದು?”

ಶಶಿ ಇಷ್ಟು ವರ್ಷ ಮಂದಿಗೆ ಹೇಳಿ ಹೇಳಿ ಇಟ್ಟಿದ್ದನ್ನು ತಾನೇ ಮಾಡಿದ: ಗದ್ದ ತುಸು ಕೆಳಗೆ, ಕಣ್ಣು ಪಿಳುಕಿಸದೆ ನಿಂತ. ಗೋಡೆ ತಕರಾರು ಮಾಡುವುದಿಲ್ಲ, ಹೌದು. ಗೋಡೆಗೆ ಮಾಲಕರು ಇರುತ್ತಾರೆ.

“ನಮ್ಮ ಮನೀಗಿ ಪಾಳು ಅಂದವರ ಮನೀಗಿ ನಾ ಹೆಣ್ಣ ಕೊಡಾಂವಲ್ಲ. ನಡೀರಿ!”

ಗೌಡತಿ ಸೆರಗು ಸರಿಮಾಡಿಕೊಂಡರು. ಅತ್ತೆ ಕುಳಿತಲ್ಲಿಂದಲೇ ದೇವರನ್ನು ಕರೆದರು. ಸುನಂದಾ ಹೆಜ್ಜೆ ಎತ್ತಲಿಲ್ಲ. ಅವಳ ಕಣ್ಣು ಶಶಿಯ ಮೇಲಿತ್ತು, ತುಂಬಿ ಬಂದಿತ್ತು. ಏನಾದರೂ ಹೇಳಬೇಕು, ಯಾರಾದರೂ ಹೇಳಬೇಕು. ನಾನು ಟ್ರೇ ಹಿಡಿದುಕೊಂಡೇ ಆ ಫೋಟೋದ ಮುಂದೆ ಹೋದೆ. ನನ್ನ ಕಣ್ಣು ನೆಟ್ಟಗೆ ಬಿದ್ದದ್ದು ಮಾಸ್ತರರ ಮಂಜಿನ ಮೇಲೆ. ಅದು ಮುಗಿಲಿನಿಂದ ಇಳಿದದ್ದಲ್ಲ, ಮಾಳಿಗೆಯ ಬೆಳಕಿಂಡಿಯಿಂದ ಏಳುತ್ತಿದ್ದದ್ದು. ಮೂವತ್ತು ವರ್ಷ ಒಲೆ ಊದಿದವಳಿಗೆ ಅದು ಗೊತ್ತಾಗುವುದಿಲ್ಲವೇ?

“ಗೌಡ್ರ, ಸಿಟ್ಟಿಗೇಳಬ್ಯಾಡ್ರಿ,” ಅಂದೆ. “ಹುಡುಗ ಬರಿಯೂದರಾಗ ತಪ್ಪ್ಯಾನ. ಫೋಟೋ ಸುಳ್ಳ ಹೇಳಿಲ್ಲ. ಇಲ್ಲೆ ನೋಡ್ರಿ, ಬೆಳಕಿಂಡ್ಯಾಗಿಂದ ಹೊಗಿ ಏಳಾಕತ್ತೈತಿ. ಒಲಿ ಉರಿಯೂ ಮನಿಗೆ ಯಾರ ಪಾಳು ಅಂತಾರ್ರಿ?”

ಸಮಾಧಾನ ಮಾಡಲೆಂದೇ ಹೇಳಿದ ಮಾತು. ಹೇಳಿ ಮುಗಿಸಿದ ಮೇಲೆ ನನಗೆ ಹೊಳೆಯಿತು, ನಾನು ಏನು ಹೇಳಿದೆ ಅಂತ.

ಗೌಡತಿ ಬಾಗಿಲ ತನಕ ಹೋದವರು ತಿರುಗಿ ಬಂದರು. ಕನ್ನಡಕ ಹಾಕಿಕೊಂಡು ಫೋಟೋಕ್ಕೆ ಮೂಗು ಹತ್ತಿಸಿ ನೋಡಿದರು. “ಒಲಿ? ಹೊರಬೀಡಿನ ದಿನಾ? ನಮ್ಮ ಮನ್ಯಾಗ?” ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದರು. “ಅವತ್ತ ಊರ ಕಾಯಾಕ ಯಾರಿದ್ರು?”

ಗೌಡರ ಮುಖದ ಸಿಟ್ಟು ಹಾಲು ಉಕ್ಕಿ ಇಳಿದಂತೆ ಇಳಿಯಿತು.

“ಅದು ಮಂಜು ತಾಯಿ,” ಎಂದು ಡ್ರಾಯಿಂಗ್ ಮಾಸ್ತರು ನಡುವೆ ಬಾಯಿ ಹಾಕಿದರು. “ಕಾಲವೇ ಮಂಜಾಗಿ…”

“ಹಾಂ!” ಗೌಡರು ಮುಳುಗುವವರು ದಂಡೆಯ ಗಿಡ ಹಿಡಿದಂತೆ ಆ ಮಾತು ಹಿಡಿದರು. “ಮಾಸ್ತರಽ ಹೇಳಾಕತ್ತಾರಲ್ಲ. ಮಂಜ ಅದು.”

“ನೆತ್ತಿ ಮ್ಯಾಲ ಹೊತ್ತ ಐತಿ, ಕಂಬದ ನೆರಳ ಕಂಬದ ಬುಡಕಽ ಬಿದ್ದೈತಿ. ಯಾವ ಮಂಜ್ರಿ ಇದು? ನಿಮ್ಮ ಒಬ್ಬರ ಮ್ಯಾಲ ಬಿದ್ದಿದ್ದು?” ಎಂದು ಗೌಡತಿ ಫೋಟೋದ ಮೇಲೆ ಬೆರಳಿಟ್ಟರು.

ಜನ ಸುತ್ತುಗಟ್ಟಿದರು. ಜಾಗದ ರೇಟು ಕೇಳುತ್ತಿದ್ದವರೂ ಚೂಡಾದ ಪ್ಲೇಟು ಹಿಡಿದುಕೊಂಡು ಹತ್ತಿರ ಸರಿದರು. ಗೌಡರಿಗೆ ಉಳಿದದ್ದು ಒಂದೇ ಆಸರೆ. ಶಶಿಯ ಕಡೆ ತಿರುಗಿ, “ತಗದಾಂವ ನೀನು. ನೀನಽ ಹೇಳಪಾ, ಹೊಗಿನೋ ಮಂಜೋ?” ಅಂದರು. ಆ ದನಿಯಲ್ಲಿ ಈಗ ಗೌಡಿಕೆ ಇರಲಿಲ್ಲ.

ಶಶಿ ಒಮ್ಮೆ ಫೋಟೋ ನೋಡಿದ, ಒಮ್ಮೆ ಸುನಂದಾಳನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

“ಮಂಜ್ರಿ ಮಾವಾರ. ಅಗದೀ ದಟ್ಟ ಮಂಜು. ನನ್ನ ಲೆನ್ಸ್ ಸೈತ ತೊಯ್ದಿತ್ತು.”

ಗೌಡರು ‘ಮಾವಾರ’ ಎಂಬುದನ್ನೂ ಕೇಳಿಸಿಕೊಂಡರು, ‘ಮಂಜು’ ಎಂಬುದನ್ನೂ ಕೇಳಿಸಿಕೊಂಡರು. ಒಂದು ಬೇಕಾದರೆ ಇನ್ನೊಂದನ್ನು ಬಿಡಲಾಗುವುದಿಲ್ಲವೆಂಬುದು ಅವರಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಟೊಪ್ಪಿಗೆ ಸರಿಮಾಡಿಕೊಂಡು, “ಹುಡುಗ ಕೆಲಸದಾಗ ಭಾಳ ಹುಷಾರ ಅದಾನ,” ಅಂದರು.

ಆಗ ಸುನಂದಾ ಕಣ್ಣು ಒರೆಸಿಕೊಂಡು, ಡೈರಿಯಲ್ಲಿ ಹಾಲಿನ ಲೋಟ ಎತ್ತಿ ನೋಡುವ ಹಾಗೆ ಅಪ್ಪನ ಮುಖ ನೋಡಿ ಕೇಳಿದಳು: “ಅಪ್ಪಾ, ಮಂಜಿಗಿ ಸಕ್ಕರಿ ಎಷ್ಟ ಹಾಕ್ಕೊಂಡಿದ್ದಿ?”

ಮೊದಲು ನಕ್ಕವರು ಗೌಡತಿಯೇ. ನಗುತ್ತಲೇ ಹಣೆ ಹಣೆ ಬಡಿದುಕೊಂಡರು. ಹೊರಬೀಡಿನ ಪ್ರತಿ ಮಂಗಳವಾರ ಡಬ್ಬಿಯ ಸಕ್ಕರೆ ಇಳಿಯುತ್ತಿತ್ತಂತೆ. ಕೇಳಿದರೆ ಗೌಡರು, ‘ದೇವಿ ನಮ್ಮ ಮನೀಗಿ ಬಂದು ಮುಟ್ಟಿ ಹೋಗ್ಯಾಳ’ ಅನ್ನುತ್ತಿದ್ದರಂತೆ. ಪಾಪ, ಆ ತಾಯಿ ಡಬ್ಬಿಗೆ ಕುಂಕುಮ ಹಚ್ಚಿ, ಮುಂದಿನ ವಾರ ದೇವಿಗೆ ಕಡಿಮೆ ಬೀಳಬಾರದೆಂದು ತುಂಬಿ ಇಟ್ಟು ಹೋಗುತ್ತಿದ್ದರಂತೆ! ಮನೆ ಮಂದಿಯೆಲ್ಲ ಹೊರಗಿರುವ ದಿನ ವರ್ಷಕ್ಕೆ ಐದೇ ಅಲ್ಲವೇ? ಕಾವಲುಗಾರ ಒಲೆಯ ಮುಂದೆ ಸಿಹಿ ಚಹಾ ಕುದಿಸುತ್ತ ಕುಳಿತಿದ್ದಕ್ಕೇ ಶಶಿಗೆ ಮುಳ್ಳು ಸರಿಸಿ ಊರೊಳಗೆ ಬರಲು ಸಾಧ್ಯವಾದದ್ದು. ನನಗೆ ನನ್ನ ಲಂಗ ತಿಂದ ಆಡು ನೆನಪಾಯಿತು. ದೇವಿಯ ಹೆಸರಿನಲ್ಲಿ ಯಾರು ಯಾರು ಏನೇನು ತಿಂದಿದ್ದಾರೋ ಅವಳಿಗೇ ಗೊತ್ತು.

ಅವತ್ತೇ ಲಗ್ನ ಗೊತ್ತುಮಾಡಿ ಬೆಲ್ಲ ಕೊಬ್ಬರಿ ಹಂಚಿದೆವು. ಗೋಡೆಯ ಮೇಲಿನ ‘ಶುಭ ವಿವಾಹ’ ಕೆರೆದು ತೆಗೆಯದೆ ಇದ್ದದ್ದು ಒಳ್ಳೆಯದೇ ಆಯಿತು. ಗೌಡರು ಊರಿಗೆ ಹೋಗಿ ಗಂಗವ್ವ ಮುದುಕಿಯ ಮನೆಗೆ ಒಂದು ಚೀಲ ತೆಂಗಿನಕಾಯಿ ಕಳಿಸಿದರಂತೆ. ಯಾಕೆಂದು ಆಕೆಗೆ ಇನ್ನೂ ಗೊತ್ತಿಲ್ಲ. ಊರು ಕಾಯುವ ಕೆಲಸ ಈಗ ಗೌಡತಿಯದು. ಆ ಮಾಳಿಗೆ ಮನೆಯ ಫೋಟೋ, ಹೆಸರಿನ ಚೀಟಿ ಕಿತ್ತು, ಅದೇ ಮಾಳಿಗೆ ಮನೆಯ ಪಡಸಾಲೆಯಲ್ಲಿ ತೂಗುಬಿದ್ದಿದೆ. ಉಳಿದವು ನಮ್ಮ ಅಟ್ಟ ಸೇರಿದವು. ಶಶಿ ಮತ್ತೆ 'ಗದ್ದ ತುಸು ಕೆಳಗ್ರಿ'ಗೆ ಮರಳಿದ. ಈಗ ನವರಾತ್ರಿಗೆ ಅಟ್ಟದಿಂದ ಒಂದೊಂದೇ ಪಾಳು ಮನೆ ನಾನು ಕೆಳಗೆ ಕೊಟ್ಟರೆ ಸುನಂದಾ ಹಿಡಿದುಕೊಳ್ಳುತ್ತಾಳೆ. ಮೋತ್ಯಾನನ್ನು ಮಾತ್ರ ಇಬ್ಬರೂ ತುಸು ಹೆಚ್ಚು ಒರೆಸುತ್ತೇವೆ.

ಗೌಡರು ಚಿಕ್ಕೋಡಿಯ ಸಂತೆಗೆ ಬಂದಾಗಲೆಲ್ಲ ನಮ್ಮಲ್ಲಿಗೆ ಬರುತ್ತಾರೆ. ಸುನಂದಾ ಅಪ್ಪನಿಗೆ ಸಪ್ಪನ್ನ ಚಹಾ ಮಾಡಲು ಒಳಗೆ ಹೋಗುತ್ತಾಳೆ. ಗೌಡರು ಅವಳು ಒಳಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ನನ್ನ ಕಡೆ ಬಗ್ಗಿ, ದನಿ ಇಳಿಸಿ ಕೇಳುತ್ತಾರೆ: “ಅಕ್ಕಾರ, ನಿಮ್ಮ ಕಡೆ ಇವತ್ತ ಒಂಚೂರು ಮಂಜ ಐತೇನ್ರಿ?”

ನಾನು ಬಾಯಿ ತೆರೆಯುವುದರೊಳಗೆ ಅಡುಗೆಮನೆಯಿಂದ ಉತ್ತರ ಬರುತ್ತದೆ:

“ಇಲ್ಲಪ್ಪಾ. ಮುಗಲ ಸ್ವಚ್ಛ ಐತಿ.”